ರಾತ್ರಿ ಟೆಸ್ಟ್ ಸರ್ವರ್ ಬಂದ್ ಮಾಡಿ
ಬೆಳಗಾವಿಯ ಸಣ್ಣ ಸಾಫ್ಟ್‌ವೇರ್ ತಂಡದ ಗೆಳೆಯರೇ, ಅಮೆಜಾನ್ ಕ್ಲೌಡ್‌ನಲ್ಲಿರುವ ಟೆಸ್ಟ್ ಸರ್ವರ್‌ಗಳು ರಾತ್ರಿ 8ಕ್ಕೆ ತಾವಾಗಿಯೇ ನಿಂತು ಬೆಳಿಗ್ಗೆ 9ಕ್ಕೆ ಶುರುವಾಗುವಂತೆ ಈವೆಂಟ್‌ಬ್ರಿಜ್ ಶೆಡ್ಯೂಲರ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ತಾನೇ ನಡೆಸುವ ಅಮೆಜಾನ್ ಸೇವೆ) ಹಾಕಿಬಿಡಿ. ಶನಿವಾರ, ಭಾನುವಾರ ಪೂರ್ತಿ ಬಂದ್. ವಾರಕ್ಕೆ 168 ಗಂಟೆ, ನಮಗೆ ಸರ್ವರ್ ಬೇಕಾಗೋದು 55 ಗಂಟೆ. ಉಳಿದ 113 ಗಂಟೆಗೆ ಸುಮ್ನೆ ಬಾಡಿಗೆ ಯಾಕೆ ಕೊಡಬೇಕು, ಅಲ್ವಾ? ಆ ದುಡ್ಡಲ್ಲಿ ಸ್ಪ್ರಿಂಟ್ ಡೆಮೊಗೆ (ಒಂದೆರಡು ವಾರದ ಕೆಲಸ ಮುಗಿಸಿ ತೋರಿಸೋದು) ಬೇರೆಯೇ ಸರ್ವರ್ ಇಡಬಹುದು. ಟೈಮ್ ಝೋನ್ ಮರೆಯದೆ ನಮ್ಮದನ್ನೇ ಆರಿಸಿ. ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಅಂತಿದ್ದರೆ ರಾತ್ರಿ 8 ಅಂದದ್ದು ನಮಗೆ ನಡುರಾತ್ರಿ ಕಳೆದು 1:30 ಆಗುತ್ತದೆ. ಡಿಸ್ಕ್ ಬಾಡಿಗೆ ಮಾತ್ರ ನಿಲ್ಲಲ್ಲ. ಆರ್‌ಡಿಎಸ್ (ಅಮೆಜಾನ್‌ನ ಡೇಟಾಬೇಸ್ ಸೇವೆ) ಡೇಟಾಬೇಸ್ ನಿಲ್ಲಿಸಿಟ್ಟರೂ 7 ದಿನಕ್ಕೆ ತಾನೇ ಎದ್ದು ಕೂರುತ್ತದೆ, ದೀಪಾವಳಿಗೆ ಊರಿಗೆ ಹೋಗುವಾಗ ನೆನಪಿರಲಿ. ರಾತ್ರಿಯಿಡೀ ಟೆಸ್ಟ್ ಓಡಿಸುವ ತಂಡಕ್ಕೆ ಇದು ಆಗಿಬರಲ್ಲ.