ಗಂಧಕವನ್ನು ಆಟೋಕ್ಲೇವ್‌ಗೆ ಇಡಬೇಡಿ

ಬಿಸಿಯಲ್ಲಿ ಗಂಧಕ ತಿಂದು ಬದುಕುವ ಬ್ಯಾಕ್ಟೀರಿಯಾ ಬೆಳೆಸಲು ಹೊರಟವರು ಮೊದಲು ಕೆಡಿಸುವುದು ಗಂಧಕವನ್ನೇ. ನಾನೂ ಕೆಡಿಸಿದ್ದೇನೆ. ಬೆಂಗಳೂರಿನ ಕಾಲೇಜೊಂದರ ಪ್ರಯೋಗಾಲಯಕ್ಕೆ ಸೇರಿದ ಹೊಸದರಲ್ಲಿ, ಹಳದಿ ಪುಡಿ ಹಾಕಿದ ಫ್ಲಾಸ್ಕನ್ನು ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದು, ಎಂದಿನಂತೆ, ಒತ್ತಡದ ಹಬೆಯಲ್ಲಿ ಕಾಯಿಸುವ 121 ಡಿಗ್ರಿಯ ಆಟೋಕ್ಲೇವ್‌ಗೆ ಇಟ್ಟೆ. ಗಂಧಕ ಸುಮಾರು 115 ಡಿಗ್ರಿಗೇ ಕರಗುತ್ತದೆ. ತೆಗೆದು ನೋಡಿದರೆ ಬೆಲ್ಲದ ಅಚ್ಚಿನಂಥ ಗಟ್ಟಿ ತಳಕ್ಕೆ ಕಚ್ಚಿಕೊಂಡಿತ್ತು. ಈ ಜೀವಿಗಳು ಗಂಧಕದ ಕಣಕ್ಕೆ ಅಂಟಿಕೊಂಡು ಅದನ್ನು ತಿನ್ನುತ್ತವೆ. ಪುಡಿ ಗಟ್ಟಿಯಾದರೆ ಕೂರಲು ಜಾಗವೇ ಉಳಿಯುವುದಿಲ್ಲ.

ಆದ್ದರಿಂದ ಗಂಧಕವನ್ನು ಬೇರೆ ಸೀಸೆಯಲ್ಲಿ, ಒತ್ತಡವಿಲ್ಲದ ಹಬೆಯಲ್ಲಿ, ದಿನಕ್ಕೊಂದು ಗಂಟೆಯಂತೆ ಮೂರು ದಿನ ಇಡಿ. ಇದಕ್ಕೆಂದೇ ನನ್ನ ಬಳಿ ಒಂದು ಇಡ್ಲಿ ಪಾತ್ರೆ ಇದೆ. ‘ತಿಂಡಿಗಲ್ಲ’ ಎಂದು ಮುಚ್ಚಳದ ಮೇಲೆ ಬರೆದಿದ್ದೇನೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಸಮಯದಲ್ಲಿ ಜಿಪುಣತನ ಬೇಡ.

ಹೊಸಬರಿಗೆ ಆಸಿಡಿಥಯೋಬ್ಯಾಸಿಲಸ್ ಕಾಲ್ಡಸ್ ಎಂಬ ಬ್ಯಾಕ್ಟೀರಿಯಾ ಸಾಕು. ಅದಕ್ಕೆ 45 ಡಿಗ್ರಿ ಹಿತ. 75 ಡಿಗ್ರಿ ಕೇಳುವ ಸಲ್ಫೋಲೋಬಸ್ ಬ್ಯಾಕ್ಟೀರಿಯಾವೇ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಗುಂಪಿನ ಏಕಕೋಶ ಜೀವಿ. ಅದರ ಫ್ಲಾಸ್ಕ್ ಒಣಗದಂತೆ ಕಾಯುವುದೇ ಒಂದು ನೌಕರಿ.

250 ಮಿಲಿಲೀಟರ್ ಫ್ಲಾಸ್ಕಿನಲ್ಲಿ ಅಮೋನಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳ ದ್ರಾವಣ 90 ಮಿಲಿಲೀಟರ್ ತೆಗೆದುಕೊಂಡು, ಸಲ್ಫ್ಯೂರಿಕ್ ಆಮ್ಲದಿಂದ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 2.5ಕ್ಕೆ ತನ್ನಿ. ಒಂದು ಗ್ರಾಂ ಗಂಧಕ, ಹತ್ತು ಮಿಲಿಲೀಟರ್ ಹಳೆಯ ಕಲ್ಚರ್ (ಈ ಬ್ಯಾಕ್ಟೀರಿಯಾ ಮೊದಲೇ ಬೆಳೆದಿರುವ ದ್ರವ) ಸೇರಿಸಿ. ಗಂಧಕ ನೀರಿನ ಮೇಲೆ ತೇಲಿದರೆ ಗಾಬರಿ ಬೇಡ, ಕಲ್ಚರ್ ಬಲಿತಂತೆ ಒದ್ದೆಯಾಗಿ ಇಳಿಯುತ್ತದೆ. ಫ್ಲಾಸ್ಕನ್ನು ಶೇಕರ್ ಮೇಲೆ ಅಲುಗಾಡಿಸುತ್ತಲೇ ಇರಬೇಕು: ಗಂಧಕದಿಂದ ಕಿತ್ತ ಎಲೆಕ್ಟ್ರಾನ್‌ಗಳನ್ನು ಈ ಬ್ಯಾಕ್ಟೀರಿಯಾ ಕೊನೆಗೆ ಒಪ್ಪಿಸುವುದು ಗಾಳಿಯಿಂದ ಬೆರೆಯುವ ಆಮ್ಲಜನಕಕ್ಕೆ. ಹೀಗೆ ಗಂಧಕ ಸಲ್ಫ್ಯೂರಿಕ್ ಆಮ್ಲವಾಗುತ್ತದೆ.

ಬ್ಯಾಕ್ಟೀರಿಯಾ ಹಾಕದ ಇನ್ನೊಂದು ಫ್ಲಾಸ್ಕ್ ಪಕ್ಕದಲ್ಲಿರಲಿ. ಸಲ್ಫೇಟ್ ಇದ್ದರೆ ಬಿಳಿ ಗಸಿ ಕೊಡುವ ಬೇರಿಯಂ ಕ್ಲೋರೈಡ್ ಹಾಕಿ, ಗಸಿ ಕಂಡೊಡನೆ ‘ಸಲ್ಫೇಟ್ ಬಂತು’ ಎಂದು ಕುಣಿಯುವ ವಿದ್ಯಾರ್ಥಿಗಳನ್ನು ಪ್ರತಿ ವರ್ಷ ನೋಡುತ್ತೇನೆ. ನಾವೇ ಹಾಕಿದ ಸಲ್ಫ್ಯೂರಿಕ್ ಆಮ್ಲದಿಂದ ದ್ರಾವಣದಲ್ಲಿ ಮೊದಲೇ ಸಲ್ಫೇಟ್ ಇತ್ತಲ್ಲ! ನಂಬಬೇಕಾದದ್ದು ಎರಡು ಫ್ಲಾಸ್ಕ್‌ಗಳ ವ್ಯತ್ಯಾಸವನ್ನು. ಪಿಎಚ್ 2.5ರಿಂದ 1.5ಕ್ಕೆ ಇಳಿಯಿತೆಂದರೆ ಆಮ್ಲೀಯತೆ ಹತ್ತು ಪಟ್ಟಾಗಿದೆ. ಆರಂಭದಲ್ಲೇ ದ್ರವದ ಮಟ್ಟಕ್ಕೆ ಮಾರ್ಕರ್ ಗೆರೆ ಎಳೆದು, ಆವಿಯಾದಷ್ಟು ಶುದ್ಧ ನೀರು ತುಂಬಿಯೇ ಅಳೆಯಿರಿ.

ಕೆಲಸ ಮುಗಿದ ಫ್ಲಾಸ್ಕನ್ನು ಈಗ ಧಾರಾಳವಾಗಿ ಆಟೋಕ್ಲೇವ್‌ಗೆ ಇಡಿ, ಗಂಧಕ ಕರಗಿದರೆ ಕರಗಲಿ. ಆರಿದ ಮೇಲೆ ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕಿ ಆಮ್ಲ ತಗ್ಗಿಸಿ. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಕೋಟಿನ ಮೇಲೆ ಬರುತ್ತದೆ.