ಬಾಯಿ ಚಪಲಕ್ಕೆ ಜೋಳದ ನಾನ್‌ಖಟಾಯಿ, ಒಮ್ಮೆಗೆ ನಾಲ್ಕೇ

ಬಾಯಿ ಚಪಲವನ್ನು ಹತ್ತಿಕ್ಕಿ ಗೆದ್ದವರನ್ನು ನಾನಂತೂ ನೋಡಿಲ್ಲ. ಮಧ್ಯಾಹ್ನ ಬೇಡ ಅಂದದ್ದು ರಾತ್ರಿ ದುಪ್ಪಟ್ಟಾಗಿ ಹೊಟ್ಟೆ ಸೇರುತ್ತದೆ, ಅಷ್ಟೇ. ಅದಕ್ಕೇ ನಮ್ಮ ಮನೆಯಲ್ಲಿ ಬೇರೆ ಪದ್ಧತಿ. ತಿನ್ನೋಣ, ಆದರೆ ಆಗಷ್ಟೇ ಮಾಡಿದ್ದು, ಅದೂ ತಲೆಗೆ ಎರಡು. ನಾನ್‌ಖಟಾಯಿ ಬಿಸ್ಕತ್ತಿಗೆ ಕಲಸಿದ ಹಿಟ್ಟಿನ ಉಂಡೆಗಳು ಫ್ರೀಜರ್‌ನಲ್ಲಿರುತ್ತವೆ. ಚಹಾದ ಹೊತ್ತಿಗೆ ಅತ್ತೆಯವರು "ಬಾಯಾಡಸಾಕ ಏನರ ಐತೇನವಾ?" ಅಂದರೆ ನಾಲ್ಕು ಉಂಡೆ ಓವನ್‌ಗೆ ಹೋಗುತ್ತವೆ. ಬೇಯಲು ಇಪ್ಪತ್ತು ನಿಮಿಷ ಬೇಕು. ಸುಮ್ನೆ ಎದ್ದ ಚಪಲವಾದರೆ ಅಷ್ಟರಲ್ಲಿ ಅಡಗಿರುತ್ತದೆ.

ಮೊದಲೆಲ್ಲ ವಿಜಯಪುರದಲ್ಲಿ ದೀಪಾವಳಿ ಹತ್ತಿರ ಬಂತೆಂದರೆ ಹಿಟ್ಟು, ಸಕ್ಕರೆ, ಡಾಲ್ಡಾ ಹೊತ್ತುಕೊಂಡು ಬೇಕರಿಗೆ ಹೋಗಿ, ಕೂಲಿ ಕೊಟ್ಟು ಡಬ್ಬಿಗಟ್ಟಲೆ ಮಾಡಿಸಿಕೊಂಡು ಬರುತ್ತಿದ್ದೆವು. ರುಚಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಡಬ್ಬಿ ತುಂಬಿದ್ದರೆ ಕೈ ಸುಮ್ಮನಿರುತ್ತದಾ?

ಅಳತೆ ಹೀಗೆ. ಬಿಳಿಜೋಳದ ಹಿಟ್ಟು 80 ಗ್ರಾಂ, ಗೋಧಿ ಹಿಟ್ಟು 50, ಕಡಲೆ ಹಿಟ್ಟು 30. ತುಪ್ಪ 100 ಗ್ರಾಂ, ಬೆಲ್ಲದ ಪುಡಿ 70. ಅಡುಗೆ ಸೋಡಾ ಕಾಲು ಟೀ ಚಮಚ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ಹದಿನಾರು ಉಂಡೆಗಳಾಗುತ್ತವೆ.

ಪೂರ್ತಿ ಜೋಳದಲ್ಲೇ ಮಾಡಲು ಹೋಗಬೇಡಿ. ಜೋಳಕ್ಕೆ ಗೋಧಿಯ ಜಿಗುಟಿಲ್ಲ. ರೊಟ್ಟಿಗೆ ಬಿಸಿನೀರು ಹಾಕಿ ನಾದುವುದು ಅದಕ್ಕೇ ಅಲ್ವಾ? ಇಲ್ಲಿ ನೀರು ಹಾಕುವಂತಿಲ್ಲ, ಗೋಧಿ ಇಲ್ಲದಿದ್ದರೆ ಎತ್ತಿಕೊಂಡಲ್ಲೇ ಪುಡಿಯಾಗುತ್ತದೆ. ಹಿಟ್ಟು ಗಿರಣಿಯಿಂದ ಈಚೆಗೆ ತಂದದ್ದೇ ಇರಲಿ. ಹಳೆಯದು ಕಹಿ ಬರುತ್ತದೆ, ಬೆಲ್ಲ ಅದನ್ನು ಮುಚ್ಚುವುದಿಲ್ಲ. ಜೋಳ ಮತ್ತು ಕಡಲೆ ಹಿಟ್ಟನ್ನು ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವಷ್ಟು ಹುರಿದು, ಪೂರ್ತಿ ಆರಿದ ಮೇಲೆ ಗೋಧಿ ಹಿಟ್ಟು, ಸೋಡಾ, ಉಪ್ಪು ಸೇರಿಸಿ ಜರಡಿ ಹಿಡಿಯಿರಿ.

ಎಲ್ಲಾ ಇರುವುದು ತುಪ್ಪದಲ್ಲಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ತುಪ್ಪ ನೀರಾಗಿಯೇ ಇರುತ್ತದೆ. ಹಾಗೇ ಹಾಕಿದರೆ ನಾನ್‌ಖಟಾಯಿ ಹಪ್ಪಳದಂತೆ ಹರಡಿಕೊಳ್ಳುತ್ತದೆ. ಫ್ರಿಜ್‌ನಲ್ಲಿಟ್ಟು ಹರಳುಗಟ್ಟಿದ ಮೇಲೆ ಪರಾತಕ್ಕೆ ಹಾಕಿ, ಬೆಲ್ಲದ ಪುಡಿ ಸೇರಿಸಿ ಅಂಗೈಯಿಂದ ಉಜ್ಜಿ. ಮೊದಲು ಕೈಗೆ ಗರಗರ ಹತ್ತುತ್ತದೆ. ಆಮೇಲೆ ನುಣ್ಣಗಾಗಿ, ಬಣ್ಣ ತಿಳಿಯಾಗಿ, ಉಬ್ಬಿಕೊಳ್ಳುತ್ತದೆ. ಐದಾರು ನಿಮಿಷದ ಕೆಲಸ, ಅವಸರ ಬೇಡ. ಮಹಾಲಿಂಗಪುರದ ಅಚ್ಚು ಬೆಲ್ಲ ತುರಿದು ಹಾಕುವುದಾದರೆ ಜರಡಿ ಹಿಡಿದೇ ಹಾಕಿ. ಒಂದು ಗಂಟು ಉಳಿದರೂ ಅದು ಕರಗಿ ತಟ್ಟೆಗೆ ಹತ್ತಿ, ತಳದಲ್ಲಿ ಕರಿ ಚುಕ್ಕೆಯಾಗುತ್ತದೆ.

ಹಿಟ್ಟು, ಏಲಕ್ಕಿ ಹಾಕಿ ಬೆರಳ ತುದಿಯಿಂದ ಕೂಡಿಸಿ. ನಾದಬೇಡಿ. ಅಂಗಡಿಯವರು ಮೇಲೆ ಪಿಸ್ತಾ ಒತ್ತುತ್ತಾರೆ. ತಿಕೋಟಾ ಕಡೆಯ ಒಣದ್ರಾಕ್ಷಿ ಮನೆಯಲ್ಲಿರುವಾಗ ಪಿಸ್ತಾ ಯಾಕೆ? ಆದರೆ ದ್ರಾಕ್ಷಿಯನ್ನು ಮೇಲೆ ಒತ್ತಿದರೆ ಸುಟ್ಟು ಕಹಿಯಾಗುತ್ತದೆ. ಸಣ್ಣಗೆ ಹೆಚ್ಚಿ ಒಳಗೇ ಸೇರಿಸಿ.

ಉಂಡೆ ಕಟ್ಟಿ, ತುಸು ಒತ್ತಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಫ್ರೀಜರ್‌ಗಿಡಿ. ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ತಿಂಗಳವರೆಗೆ ಏನೂ ಆಗುವುದಿಲ್ಲ.

ಬೇಕಾದಾಗ ಓವನ್ 160 ಡಿಗ್ರಿಗೆ ಕಾಯಿಸಿ, ಫ್ರೀಜರ್‌ನಿಂದ ತೆಗೆದದ್ದನ್ನು ನೇರವಾಗಿ ಒಳಗಿಡಿ. ಹದಿನೆಂಟರಿಂದ ಇಪ್ಪತ್ತು ನಿಮಿಷ. ಓವನ್ ಇಲ್ಲ, ಅಥವಾ ಕರೆಂಟ್ ಹೋಯ್ತು ಅಂದರೆ ದಪ್ಪ ತಳದ ಕಡಾಯಿ ಸಾಕು. ಒಂದು ಪದರ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ತಟ್ಟೆಯಿಟ್ಟು, ಸಣ್ಣ ಉರಿಯಲ್ಲಿ ಸುಮಾರು ಇಪ್ಪತ್ತೈದು ನಿಮಿಷ. ಮುಚ್ಚಳ ಪದೇ ಪದೇ ತೆಗೆಯಬೇಡಿ.

ಮೇಲೆ ಬಿರುಕು ಬಿಟ್ಟು, ಅಂಚು ಕೆಂಪಗಾದರೆ ಆಯ್ತು. ಆಗ ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿಲ್ಲ ಅನಿಸುತ್ತದೆ. ಬೆಂದಿರುತ್ತದೆ. ತಟ್ಟೆಯಲ್ಲೇ ಹತ್ತು ನಿಮಿಷ ಬಿಡಿ, ಆರಿದಂತೆ ಗಟ್ಟಿಯಾಗುತ್ತದೆ. ಬೆಲ್ಲ ಇರುವುದರಿಂದ ಬಣ್ಣ ಬೇಗ ಬರುತ್ತದೆ, ಕಪ್ಪಾಗುವವರೆಗೆ ಕಾಯಬೇಡಿ.

ಚಪಲ ಸಿಹಿಯದ್ದಲ್ಲ, ಖಾರದ್ದು ಅಂದರೆ ಇದೇ ಹಿಟ್ಟಿಗೆ ಬೆಲ್ಲ, ಏಲಕ್ಕಿ, ದ್ರಾಕ್ಷಿ ಬಿಟ್ಟು ಎರಡು ಚಮಚ ಶೇಂಗಾ ಚಟ್ನಿ ಪುಡಿ ಹಾಕಿ. ಹಿಟ್ಟು ಒಣಗಿದಂತಿದ್ದರೆ ಒಂದು ಚಮಚ ಗಟ್ಟಿ ಮೊಸರು. ಚಟ್ನಿಯಲ್ಲೇ ಉಪ್ಪಿರುತ್ತದೆ, ಮತ್ತೆ ಹಾಕಬೇಡಿ. ಬೆಳ್ಳುಳ್ಳಿ ಬೇಗ ಸೀಯುವುದರಿಂದ 150 ಡಿಗ್ರಿ ಸಾಕು. ನನಗಂತೂ ಸಿಹಿಗಿಂತ ಇದೇ ಜಾಸ್ತಿ ಇಷ್ಟ, ಅತ್ತೆಯವರು ಮಾತ್ರ ಒಪ್ಪುವುದಿಲ್ಲ.