ರಾಮಾನುಜನ್ ಪಟ್ಟಿಯ ಕೊನೆಯ ಸಂಖ್ಯೆ: ಕೈಲೆಕ್ಕದ ನನ್ನ ಅನುಭವ

ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳನ್ನು ಹೊಂದಿರುವ ಸಂಖ್ಯೆಯೇ ಅತಿ ಸಂಯುಕ್ತ ಸಂಖ್ಯೆ. 12, 24, 36, 48, 60 ಇಂಥವು. ಶ್ರೀನಿವಾಸ ರಾಮಾನುಜನ್ 1915ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ಇವುಗಳ ಪಟ್ಟಿಯಿದ್ದು, ಅದು 6746328388800ಕ್ಕೆ, ಅಂದರೆ ಆರು ಲಕ್ಷ ಎಪ್ಪತ್ನಾಲ್ಕು ಸಾವಿರ ಕೋಟಿಗೂ ಮಿಕ್ಕಿದ ಸಂಖ್ಯೆಗೆ, ಮುಗಿಯುತ್ತದೆ. ಗದಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು, ಡಿಸೆಂಬರ್ 22ರ ಗಣಿತ ದಿನಕ್ಕೆಂದು, ಹತ್ತನೆಯ ತರಗತಿಯ ಮಕ್ಕಳೊಡನೆ ಇದನ್ನು ಕ್ಯಾಲ್ಕ್ಯುಲೇಟರ್ ಮುಟ್ಟದೆ ಬಿಡಿಸಲು ಕುಳಿತೆ.

ಕೊನೆಯ ಎರಡು ಸೊನ್ನೆಗಳಿಗಾಗಿ 100ನ್ನು ತೆಗೆದರೆ 67463283888 ಉಳಿಯುತ್ತದೆ. ಇದನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋದಾಗ 888 − 283 + 463 − 67 = 1001 ಎಂದು ಬಂದಿತು. 1001 ಎಂದರೆ 7 × 11 × 13; ಹೀಗೆ ಬಂದ ಉತ್ತರವನ್ನು 7, 11, 13 ಭಾಗಿಸಿದರೆ ಮೂಲ ಸಂಖ್ಯೆಯನ್ನೂ ಭಾಗಿಸುತ್ತವೆ. ಆದ್ದರಿಂದ ಒಂದೇ ಪರೀಕ್ಷೆಯಲ್ಲಿ ಮೂರು ಅವಿಭಾಜ್ಯಗಳು ಸಿಕ್ಕವು. ಕರಿಹಲಗೆಯ ಮೇಲೆ ಆ ಉತ್ತರ ಮೂಡಿದಾಗ ಆದ ಸಂತೋಷವನ್ನು ನಾನು ಯಾವ ಗೈಡಿನಲ್ಲೂ ಕಂಡಿಲ್ಲ. 1001ರಿಂದ ಭಾಗಿಸಿದರೆ 67395888, ಅದನ್ನು 16ರಿಂದ ಭಾಗಿಸಿದರೆ 4212243, ಮತ್ತೆ 81ರಿಂದ ಭಾಗಿಸಿದರೆ 52003. ಈ 52003 ಎಂಬುದು 7 × 17 × 19 × 23. ಹೀಗೆ ಒಟ್ಟಿನಲ್ಲಿ 2⁶ × 3⁴ × 5² × 7² × 11 × 13 × 17 × 19 × 23 ದೊರೆಯಿತು. ಪ್ರತಿ ಘಾತಾಂಕಕ್ಕೂ ಒಂದನ್ನು ಕೂಡಿಸಿ ಗುಣಿಸಿದರೆ 7 × 5 × 3 × 3 × 32, ಅಂದರೆ 10080 ಭಾಜಕಗಳು.

ಇಲ್ಲಿಯವರೆಗಿನದು ಪಠ್ಯಪುಸ್ತಕದ ಲೆಕ್ಕವೇ. ಇದಕ್ಕಿಂತ ಚಿಕ್ಕ ಸಂಖ್ಯೆಯೊಂದಕ್ಕೆ ಇಷ್ಟೇ ಅಥವಾ ಇನ್ನೂ ಹೆಚ್ಚು ಭಾಜಕಗಳಿಲ್ಲ ಎಂದು ಹೇಳುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ. ಅದನ್ನು ಒಬ್ಬ ಹುಡುಗಿಯೇ ಎತ್ತಿದಳು: “ಸರ್, 23 ತಗದು ಅದಕ್ಕಿಂತ ಸಣ್ಣದು ಹಾಕಿದ್ರ ಭಾಜಕ ಹೆಚ್ಚಾಗಂಗಿಲ್ಲೇನ್ರೀ?” 23ನ್ನು ತೆಗೆದರೆ ಭಾಜಕಗಳು ಅರ್ಧವಾಗಿ 5040ಕ್ಕೆ ಇಳಿಯುತ್ತವೆ, ಹಾಗಾಗಿ 22ರೊಳಗಿನ ಯಾವುದಾದರೂ ಸಂಖ್ಯೆಯಿಂದ ಗುಣಿಸಿದಾಗ ಅವು ಇಮ್ಮಡಿಯಾದರೆ ಮಾತ್ರ ಆಕೆಯ ಊಹೆ ನಿಲ್ಲುತ್ತದೆ. ಒಂದೊಂದನ್ನೇ ಹಾಕಿ ನೋಡಿದೆವು. 20 ಮತ್ತು 22 ಎಲ್ಲಕ್ಕಿಂತ ಮುಂದೆ ಬಂದರೂ ಅವುಗಳಿಂದ ಆಗುವ ಏರಿಕೆ 12/7 ಪಟ್ಟು ಮಾತ್ರ, ಅಂದರೆ 8640 ಭಾಜಕಗಳು. ಗುಣಕಗಳಲ್ಲಿ ಒಂದು 3 ಹೋಗಿ 4 ಬಂದರೆ ಸಂಖ್ಯೆ ದೊಡ್ಡದಾಗುತ್ತದೆ. 4 ಹೋಗಿ 3 ಬಂದರೆ ಮತ್ತೆ 8640. 30 ಹೋಗಿ 29 ಬಂದರೆ 9216.

ಇಂಥ ಅದಲುಬದಲುಗಳಿಂದಷ್ಟೇ ಸಾಧನೆ ಪೂರ್ತಿಯಾಗದು ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಿದೆ. ಆದರೆ ಪರೀಕ್ಷಿಸಬೇಕಾದವು ಲಕ್ಷ ಕೋಟಿಗಳಷ್ಟಿಲ್ಲ. ದೊಡ್ಡ ಅವಿಭಾಜ್ಯಕ್ಕೆ ಚಿಕ್ಕದಕ್ಕಿಂತ ಹೆಚ್ಚಿನ ಘಾತಾಂಕವಿದ್ದರೆ ಎರಡನ್ನೂ ಅದಲುಬದಲು ಮಾಡಿ, ಭಾಜಕಗಳ ಎಣಿಕೆ ಕೆಡದಂತೆ, ಸಂಖ್ಯೆಯನ್ನು ಕುಗ್ಗಿಸಬಹುದು; ಆದ್ದರಿಂದ ಘಾತಾಂಕಗಳು 2ರಿಂದ ಮುಂದಕ್ಕೆ ಏರದೆ ಇರುವವನ್ನು ನೋಡಿದರೆ ಸಾಕು. 2ರಿಂದ 37ರವರೆಗಿನ ಅವಿಭಾಜ್ಯಗಳ ಗುಣಲಬ್ಧವೇ 7420738134810 ಆಗಿ ನಮ್ಮ ಸಂಖ್ಯೆಯನ್ನು ಮೀರುವುದರಿಂದ, 31ರ ಆಚೆ ಹೋಗುವ ಅಗತ್ಯವೂ ಇಲ್ಲ. ಉಳಿದವುಗಳನ್ನು ಶಾಲೆಯ ಕಂಪ್ಯೂಟರಿನಲ್ಲಿ ಚಿಕ್ಕದೊಂದು ಪ್ರೋಗ್ರಾಂ ಬರೆದು ಜಾಲಾಡಿದೆವು. 10080ನ್ನು ಮುಟ್ಟುವಂಥದು ಸಿಗಲಿಲ್ಲ.

ಅದೇ ಪ್ರೋಗ್ರಾಮಿನಿಂದ ಇಡೀ ಪಟ್ಟಿಯನ್ನು ತೆಗೆದಾಗ, ರಾಮಾನುಜನ್ನರ ಪಟ್ಟಿಯಲ್ಲಿ ಬಿಟ್ಟುಹೋಗಿರುವ 293318625600 ಕೂಡ ತನ್ನ ಜಾಗದಲ್ಲಿ ಬಂದು ಕುಳಿತಿತು: ಹಿಂದಿನ 195545750400ಕ್ಕೆ 4608 ಭಾಜಕಗಳು, ಇದಕ್ಕೆ 5040, ಮುಂದಿನ 321253732800ಕ್ಕೆ 5376. ಯಂತ್ರವಿಲ್ಲದ ಕಾಲದಲ್ಲಿ ನೂರಕ್ಕೂ ಹೆಚ್ಚು ಸಂಖ್ಯೆಗಳನ್ನು ಹೆಕ್ಕಿದ ಪಟ್ಟಿಯಲ್ಲಿ ತಪ್ಪಿದ್ದು ಇದೊಂದೇ. ಮಕ್ಕಳು ಅದನ್ನು ಕೈಯಿಂದಲೇ ಬಿಡಿಸತೊಡಗಿ, ಮೊದಲ ಸಾಲಿನಲ್ಲೇ ಗುರುತು ಹಿಡಿದರು: ನಾವು 23ನ್ನು ತೆಗೆದಾಗ ಉಳಿದ ಸಂಖ್ಯೆಯೇ ಅದಾಗಿತ್ತು.